ಖಾಲಿ ಹಣೆಯ ಮಿಲ್ಟ್ರಿ ಡಾಕ್ಟ್ರು

ಅವರ ಹಣೆ ತುಂಬಾ ಅಗಲ, ತುಂಬಾ ಖಾಲಿ. ಹುಬ್ಬಿನಿಂದ ಹಿಡಿದು ನಡುನೆತ್ತಿಯ ಹತ್ತಿರದವರೆಗೆ ಒಂದು ಗೆರೆಯಿಲ್ಲ, ಒಂದು ಬೊಟ್ಟಿಲ್ಲ. ಬಲಗಡೆ ಮಿಲಿಟರಿ ಟೋಪಿಯ ಪಟ್ಟಿ ಒತ್ತಿ ಒತ್ತಿ ಆದ ಕಂದು ಕಲೆ ಮಾತ್ರ. ಸೋಮವಾರಪೇಟೆ ಸುತ್ತಿನ ನಮ್ಮ ಶೈವ ರೈತರ ಊರಿನಲ್ಲಿ ಗಂಡಸು ಮಿಂದು ಹೊರಗೆ ಬಂದನೆಂದರೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇರಲೇಬೇಕು. ನಮ್ಮ ಮನೆಯಲ್ಲಂತೂ ಅವ್ವನ ಕಟ್ಟಪ್ಪಣೆ ಇತ್ತು. ವಿಭೂತಿ ಒದ್ದೆಯಾಗಿರುವಾಗ ಕಾಣುವುದಿಲ್ಲ, ಒಣಗಿದ ಮೇಲೆಯೇ ಬೆಳ್ಳಗೆ ಮೂಡುವುದು; ಅದು ಮೂಡುವವರೆಗೆ ಅಣ್ಣನನ್ನಾಗಲಿ ನನ್ನನ್ನಾಗಲಿ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅಂಥ ಊರಿನಲ್ಲಿ, ಅದೂ ಕೊಡ್ಲಿಪೇಟೆ ಕಡೆಯ ನಮ್ಮವರೇ ಆದ ಒಬ್ಬ ಮನುಷ್ಯ, ಹತ್ತು ವರ್ಷದ ಹತ್ತಿರ ಖಾಲಿ ಹಣೆಯಲ್ಲಿ ಓಡಾಡಿದರು.

ಜನ ಸುಮ್ಮನಿರುತ್ತಾರೆಯೇ. ಮಿಲ್ಟ್ರಿಗೆ ಹೋಗಿ ಕೆಟ್ಟ ಎಂದರು. ಡಬ್ಬಿ ಮಾಂಸ ತಿಂದ ಬಾಯಿಗೆ ಶಿವನ ಹೆಸರು ಎಲ್ಲಿಂದ ಬರಬೇಕು ಎಂದರು. ಆದರೆ ಜ್ವರ ಬಂದಾಗ, ಕತ್ತಿ ತಾಗಿದಾಗ, ಬಾಣಂತಿಗೆ ಚಳಿ ಹಿಡಿದಾಗ ಓಡಿ ಬರುತ್ತಿದ್ದುದು ಅವರ ಹತ್ತಿರವೇ. ಎಲ್ಲರ ಬಾಯಲ್ಲೂ ಅವರು ಮಿಲ್ಟ್ರಿ ಡಾಕ್ಟ್ರು. ಅವರಿಗೆ ಆ ಹೆಸರು ಆಗುತ್ತಿರಲಿಲ್ಲ. "ಡಾಕ್ಟ್ರಲ್ಲ ಕಣ್ರಪ್ಪ, ನರ್ಸಿಂಗ್ ಸಿಪಾಯಿ. ಗಾಯ ತೊಳೆಯೋನು, ಸ್ಟ್ರೆಚರ್ ಹೊರೋನು," ಎಂದು ಪ್ರತಿ ಸಲ ತಿದ್ದುತ್ತಿದ್ದರು. ಯಾರೂ ತಿದ್ದಿಕೊಳ್ಳಲಿಲ್ಲ.

ಅವರು ಮೊದಲು ಬಂದದ್ದು ಯುದ್ಧ ಮುಗಿದು ಒಂದು ವರ್ಷ ಕಳೆದ ಮೇಲೆ. ಮಡಿಕೇರಿಯಿಂದಾಚೆ ಮನೆಗೊಬ್ಬ ಫೌಜಿ ಇರುತ್ತಿದ್ದ. ನಮ್ಮ ಕಡೆ ಅದು ಅಪರೂಪ. ನನಗಿಂತ ಏಳು ವರ್ಷಕ್ಕೆ ದೊಡ್ಡವನಾದ ನನ್ನ ಅಣ್ಣ ಲಾರಿ ಓಡಿಸುವ ಆಸೆಗೆ ಮಿಲಿಟರಿ ಸೇರಿ ಬರ್ಮಾ ಗಡಿಗೆ ಹೋಗಿದ್ದ. ಗಾಯದಿಂದ ತೀರಿಕೊಂಡ ಎಂದು ಒಂದು ಕಾಗದ ಬಂತು. ಅಷ್ಟೇ. ಹೆಣವಿಲ್ಲ, ಸಮಾಧಿಯಿಲ್ಲ, ಕೊನೆಯಲ್ಲಿ ಹತ್ತಿರ ಯಾರಿದ್ದರು ಎಂಬುದಿಲ್ಲ. ಅವ್ವ ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು, ಓದಲು ಬರುವವರು ಯಾರು ಮನೆಗೆ ಬಂದರೂ ಇನ್ನೊಮ್ಮೆ ಓದಿಸುತ್ತಿದ್ದಳು. ಹಿಂದಿನವರು ಒಂದು ಸಾಲು ಬಿಟ್ಟಿರಬಹುದು ಎಂಬ ಆಸೆ ಅವಳಿಗೆ.

ಹೀಗಿರುವಾಗ ಒಂದು ಬೆಳಗ್ಗೆ ಖಾಕಿ ಚಡ್ಡಿ, ಸವೆದ ಬೂಟು, ಹೆಗಲಿಗೊಂದು ಚೀಲದ ಮನುಷ್ಯ "ರಸ್ತೆ ತಿರುವು, ಎರಡು ನೇರಳೆ ಮರ, ಮುಂದೊಂದು ಕೋಣೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ನಮ್ಮ ಮನೆ ಮುಂದೆ ನಿಂತರು. ಅದು ಅಣ್ಣ ಕೊಟ್ಟ ಗುರುತು. ಅಣ್ಣ ಸಾಯುವಾಗ ತಾನು ಹತ್ತಿರ ಇದ್ದೆ ಎಂದರು. ಅವ್ವ ಅಳಲಿಲ್ಲ. ಅವರನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಎದುರಿಗೆ ಕೂತು ಎರಡೇ ಪ್ರಶ್ನೆ ಕೇಳಿದಳು.

"ನನ್ನ ಮಗ ನೋವು ತಿಂದ್ನೇನಪ್ಪಾ?"

"ಕೊನೇಲಿ ನೋವಿರಲಿಲ್ಲ ಕಣವ್ವ. ನಿದ್ದೆ ಹತ್ತಿದಂಗೆ ಹೋದ."

"ಹಣೇಲಿ ವಿಭೂತಿ ಇತ್ತಾ?"

ಅವರು ಕುಡಿಯುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಲೋಟ ನೋಡುತ್ತಿದ್ದರು. ಆಮೇಲೆ, "ಇತ್ತವ್ವ. ನಾನೇ ಇಟ್ಟಿದ್ದೆ. ಬೆಳ್ಳಗೆ ಇತ್ತು," ಎಂದರು. ಆಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಾಗದ ಬಂದ ದಿನವೂ ಹಾಗೆ ಅತ್ತಿರಲಿಲ್ಲ. ಮಗ ಅನಾಥನಂತೆ ಹೋಗಲಿಲ್ಲ, ನಮ್ಮವನೊಬ್ಬ ಕೊನೆಯಲ್ಲಿ ಹಣೆಗೆ ವಿಭೂತಿ ಇಟ್ಟು ಕಳಿಸಿದ ಎಂಬುದು ಅಂದಿನಿಂದ ಅವಳ ಬಾಳಿನ ಆಸರೆಯಾಯಿತು. ಸಂತೆಗೆ ಹೋದರೆ ಬಳೆಗಾರನಿಗೂ ಹೇಳುತ್ತಿದ್ದಳು. ಹೊರಟು ನಿಂತವರನ್ನು ಬಿಡದೆ, ಮಗನ ಹಾಗೆ ಇಲ್ಲೇ ಇದ್ದುಬಿಡು ಎಂದು ರಸ್ತೆ ಬದಿಯ ಮುಂದಿನ ಕೋಣೆಯನ್ನು ಕೊಟ್ಟಳು. ಒಂದು ತಿಂಗಳಲ್ಲಿ ಅವರು ತಮ್ಮ ಪೆಟ್ಟಿಗೆ, ಸ್ಟೌವು, ಔಷಧಿಯ ಬಾಟಲಿಗಳೊಂದಿಗೆ ಅಲ್ಲಿ ನೆಲೆಸಿದರು.

ಮುಂದೆ ಕೊಡಗು ತನ್ನದೇ ಒಂದು ರಾಜ್ಯವಾದಾಗ ನಾನು ಊರಿನ ಸ್ಕೂಲಿಗೆ ಮೇಷ್ಟ್ರಾಗಿದ್ದೆ. ಇಷ್ಟು ಅಂಗೈಯಗಲದ ರಾಜ್ಯಕ್ಕೂ ಒಬ್ಬ ಮುಖ್ಯಮಂತ್ರಿಯೇ ಎಂದು ಹಾಸನದ ನೆಂಟರು ನಗುತ್ತಿದ್ದ ಕಾಲ ಅದು. ಆ ವರ್ಷಗಳಲ್ಲಿ ನಮ್ಮ ಜಗಲಿಯಲ್ಲಿ ಕೂರದ ಜಾತಿಯಿಲ್ಲ, ಆಡದ ಭಾಷೆಯಿಲ್ಲ. ಎಸ್ಟೇಟಿನ ಕೂಲಿ ಲೈನುಮನೆಗಳಿಂದ ತಮಿಳರು ಬರುತ್ತಿದ್ದರು, ಮಲಯಾಳಿಗಳು ಬರುತ್ತಿದ್ದರು, ಪೇಟೆಯ ಸಾಬರು ಬರುತ್ತಿದ್ದರು. ಎಲ್ಲರೊಂದಿಗೂ ಅವರದು ಒಂದೇ ಮಿಲಿಟರಿ ಹಿಂದೂಸ್ತಾನಿ. ಎಂಬತ್ತರ ಮುದುಕಿಯನ್ನೂ ಒಮ್ಮೊಮ್ಮೆ ಮರೆತು "ಜವಾನ್" ಎಂದುಬಿಡುತ್ತಿದ್ದರು. ಪಟ್ಟಿ ಕಟ್ಟಿದರೆ ಒಂದು ಮಡಿಕೆ ಸೊಟ್ಟಗೆ ಬೀಳುವಂತಿಲ್ಲ. ಸೂಜಿ ಕುದಿಯುವಷ್ಟು ಹೊತ್ತೂ ಸ್ಟೌವಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತಿರುತ್ತಿದ್ದರು.

ಅವರ ಎರಡು ಚಾಳಿಗಳಿಗೆ ಊರೆಲ್ಲ ನಗುತ್ತಿತ್ತು. ಒಂದು, ಯಾರೇ ಬರಲಿ, ಏನೇ ಆಗಿರಲಿ, ಮೊದಲು ಒಣಬಟ್ಟೆಯಲ್ಲಿ ಅವರ ಹಣೆ ಒತ್ತಿ, ಒಂದು ನಿಮಿಷ ಅದನ್ನೇ ದಿಟ್ಟಿಸಿ ನೋಡುವುದು. ಬೆವರಿದ್ದರೆ, ನೆನೆದಿದ್ದರೆ ಬಟ್ಟೆ ಬದಲಿಸಿ ಮತ್ತೆ ಒತ್ತುವುದು. ಕಾಲಿಗೆ ಮುಳ್ಳು ಚುಚ್ಚಿದವನ ಹಣೆಯಲ್ಲಿ ಏನು ಹುಡುಕುತ್ತೀರಿ ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೇನೆ. ಒಬ್ಬ ಹಿರಿಯರಂತೂ, ಇಟ್ಟ ವಿಭೂತಿಗೆ ಬಟ್ಟೆ ತಾಗಿಸಿದ ಎಂದು ಸಿಟ್ಟಾಗಿ, ಔಷಧಿ ಬೇಡವೆಂದು ಎದ್ದು ಹೋದರು. ಸಂಜೆ ಇವರು ಔಷಧಿಯನ್ನು ಪೊಟ್ಟಣ ಕಟ್ಟಿ ಆ ಹಿರಿಯರ ಮನೆಗೆ ತಾವೇ ಕೊಟ್ಟು ಬಂದರು.

ಎರಡನೆಯದು ಪೆನ್ಸಿಲ್ಲು. ಸೂಜಿ ಹಾಕುವ ಮುಂಚೆ ಮೂರು ಪ್ರಶ್ನೆ ಇದ್ದೇ ಇರುತ್ತಿತ್ತು: ಬೇರೆ ಯಾರಾದರೂ ಕೊಟ್ಟರಾ, ಯಾವಾಗ ಕೊಟ್ಟರು, ಏನು ಕೊಟ್ಟರು. ಕೊಟ್ಟಾದ ಮೇಲೆ, ನಾಲಿಗೆಗೆ ತಾಗಿಸಿದರೆ ನೇರಳೆ ಬಣ್ಣ ಬಿಡುವ ಪೆನ್ಸಿಲಿನಲ್ಲಿ ರೋಗಿಯ ಮುಂಗೈ ಮೇಲೆ ಔಷಧಿಯ ಹೆಸರು, ಗಂಟೆ ಎಲ್ಲ ಬರೆಯುತ್ತಿದ್ದರು. ತೊಳೆದರೂ ಎರಡು ದಿನ ಹೋಗದು. ಸಂತೆಯ ದಿನ ಕೈ ಮೇಲೆ ಬರಹ ಹೊತ್ತ ಜನ ಅಲ್ಲಲ್ಲಿ ಸಿಗುತ್ತಿದ್ದರು. ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ನಮ್ಮ ಲೈನಿನ ಆಳುಗಳಿಗೆ ಸಂತೆ ದನದ ಹಾಗೆ ಮುದ್ರೆ ಒತ್ತಬೇಡಿ ಮಾರಾಯ್ರೇ, ನಾನು ಯಾವ ಲೆಕ್ಕದಲ್ಲಿ ಹಿಡಿದುಕೊಳ್ಳಲಿ ಎಂದು ತಮಾಷೆ ಮಾಡಿದ್ದರು. ಮದುವೆ ಹೆಣ್ಣೊಬ್ಬಳು ಧಾರೆಯ ಹಿಂದಿನ ದಿನ ಕೈ ತೋರಿಸಿ ಅತ್ತೇಬಿಟ್ಟಿದ್ದಳು. ಆಗಲೂ ಅವರು ಅಳಿಸಲು ಒಪ್ಪಲಿಲ್ಲ, ಬಳೆ ಜಾಸ್ತಿ ಹಾಕ್ಕೊಳ್ಳಮ್ಮ ಎಂದರು.

ಯುದ್ಧದ ಮಾತು ತೆಗೆದರೆ ಜಿಗಣೆ, ಹೇಸರಗತ್ತೆ, ಮಗ್ಗಿನಲ್ಲಿ ಕುಡಿಯುತ್ತಿದ್ದ ಹೊಗೆವಾಸನೆಯ ಟೀ, ಇಷ್ಟೇ ಹೇಳುತ್ತಿದ್ದರು. ಅಣ್ಣನ ವಿಷಯ ಬಂದರೆ ಸ್ಟೌವು ಪಂಪ್ ಮಾಡಲು ಕೂರುತ್ತಿದ್ದರು. ದುಃಖ ಎಂದುಕೊಂಡೆವು. ಆದರೆ ಅವ್ವ ಬಿಡಬೇಕಲ್ಲ. ಪ್ರತಿ ಶಿವರಾತ್ರಿಯ ಬೆಳಗ್ಗೆ ಅದೇ ಎರಡು ಪ್ರಶ್ನೆ ಕೇಳಿ, ಅದೇ ಎರಡು ಉತ್ತರ ಪಡೆದು, ವಿಭೂತಿ ಗಟ್ಟಿ ಹಿಡಿದು ಅವರ ಹಣೆಗೆ ಕೈ ಚಾಚುತ್ತಿದ್ದಳು. ಅವರು ಮುಖ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಅವ್ವನಿಗೆ ಬೇಸರವಾಗುತ್ತಿತ್ತು. ನನ್ನ ಮಗನಿಗೆ ಇಟ್ಟ ಕೈ ತನ್ನ ಹಣೆಗೆ ಯಾಕೆ ಇಟ್ಟುಕೊಳ್ಳಲ್ಲ ಎಂದು ನನ್ನನ್ನು ಕೇಳುತ್ತಿದ್ದಳು. ನನಗೇನು ಗೊತ್ತು.

ಆಮೇಲೆ ಅವ್ವನಿಗೆ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ಪೇಟೆಯ ಸರ್ಕಾರಿ ಡಾಕ್ಟರು ನೋಡಿ, ಇನ್ನು ಮಾಡುವುದೇನೂ ಉಳಿದಿಲ್ಲ, ನೋವು ತಡೆಯಬಹುದು ಅಷ್ಟೇ ಎಂದರು. ವಾರಕ್ಕೊಮ್ಮೆ ತಾವೇ ಬಂದು ನೋಡುತ್ತಿದ್ದರು. ನಡುವೆ ಬೇಕಾದಾಗ ಕೊಡಲು ಮಾರ್ಫಿಯಾದ ಇಂಜೆಕ್ಷನ್ನುಗಳನ್ನು ನಮ್ಮ ಮಿಲ್ಟ್ರಿ ಡಾಕ್ಟರ ಕೈಗೆ ಒಪ್ಪಿಸಿದ್ದರು. ಅವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಶಿವದಾರದ ಹಾಗೆ ಕೊರಳಿಗೆ ಹಾಕಿಕೊಂಡಿದ್ದರು. ಕೊಡುವಾಗ ಗಡಿಯಾರವನ್ನು ಎರಡೆರಡು ಸಲ ನೋಡುತ್ತಿದ್ದರು. ಅವ್ವನ ಮುಂಗೈ ಮೇಲೆ ನೇರಳೆ ಅಕ್ಷರಗಳು ಒಂದರ ಕೆಳಗೊಂದು ಬೆಳೆದವು.

ಈಗ ಹೇಳುವುದು ಒಂದು ಮಧ್ಯಾಹ್ನದ ಮಾತು. ಸ್ಕೂಲು ಬಿಟ್ಟು ನಾನು ಮನೆಗೆ ಬಂದಾಗ ಅವ್ವ ಮಂಚದ ಪಟ್ಟಿ ಹಿಡಿದು ಹೊರಳಾಡುತ್ತಿದ್ದಳು. ಮೈಯೆಲ್ಲ ಬೆವರು. ಮಿಲ್ಟ್ರಿ ಡಾಕ್ಟ್ರು ಎಸ್ಟೇಟಿನ ಲೈನಿಗೆ ಹೋಗಿದ್ದವರು ಆಗಷ್ಟೇ ಬಂದು ಒಳಗೆ ಕಾಲಿಟ್ಟಿದ್ದರು. ಅವ್ವನನ್ನು ನೋಡಿಕೊಳ್ಳಲು ಕೂತಿದ್ದ ಪಕ್ಕದ ಮನೆಯ ಗೌರಮ್ಮ, ಪೇಟೆ ಡಾಕ್ಟರು ಬಂದು ಹೋದರು ಎಂದಳು. ಸೂಜಿ ಹಾಕಿದರಾ ಎಂದು ಇವರು ಕೇಳಿದರು. ಗೌರಮ್ಮನಿಗೆ ಗೊತ್ತಿಲ್ಲ, ಅವರಿಗೆ ಕಾಫಿ ಕಾಯಿಸಲು ತಾನು ಒಲೆ ಮುಂದೆ ಇದ್ದೆ, ಜೀಪಿನಲ್ಲಿ ಅವಸರದಲ್ಲಿ ಹೊರಟೇಹೋದರು ಎಂದಳು. ಅವ್ವನನ್ನು ಕೇಳಿದರೆ ನರಳಾಟ ಬಿಟ್ಟು ಮಾತೇ ಇಲ್ಲ. ಚೀಟಿಯಿಲ್ಲ. ಕೈ ಮೇಲೆ ಹೊಸ ಬರಹವಿಲ್ಲ. ಪೇಟೆ ಡಾಕ್ಟರಿಗೆ ಕೈ ಮೇಲೆ ಬರೆಯುವ ಅಭ್ಯಾಸವಿಲ್ಲ.

ಅವರು ಅವ್ವನ ಹಣೆ ಒತ್ತಿದರು. ತೋಳು ಹೊರಳಿಸಿ ನೋಡಿದರು. ಹಳೆಯ ಚುಚ್ಚುಗಳ ನಡುವೆ ಹೊಸದು ಯಾವುದೆಂದು ಹೇಗೆ ತಿಳಿಯಬೇಕು. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟರು. ಸೈಕಲ್ ತೆಗೆದುಕೊಂಡು ಪೇಟೆಗೆ ಹೋಗಿ ಡಾಕ್ಟರನ್ನು ಕೇಳಿ ಬನ್ನಿ, ಅಲ್ಲಿಯವರೆಗೆ ತಾನು ಕೊಡುವುದಿಲ್ಲ ಎಂದರು.

ಪೇಟೆ ಮೂರು ಮೈಲಿ. ಹೋಗಿ ಬರುವವರೆಗೆ ಅವ್ವ ಹೀಗೇ ಹೊರಳಬೇಕು. ನಾನು ಮೊದಲೇ ಮುಂಗೋಪಿ. ಕೊಟ್ಟಿದ್ದರೆ ಇಷ್ಟು ನೋವು ಇರುತ್ತಿತ್ತಾ, ಕಣ್ಣು ಕಾಣಿಸುವುದಿಲ್ಲವಾ ಎಂದು ಕೂಗಾಡಿದೆ. ಅವರು ತಲೆ ಅಲ್ಲಾಡಿಸಿದರು, ಅಷ್ಟೇ. ಆಗ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ನಮ್ಮಣ್ಣ ಸಾಯೋವಾಗ್ಲೂ ಹಿಂಗೇ ಕೈ ಕಟ್ಕೊಂಡು ನೋಡ್ತಾ ನಿಂತಿದ್ರಾ?"

ಅವರು ನನ್ನನ್ನು ತೋಳು ಹಿಡಿದು ಜಗಲಿಗೆ ಎಳೆದುಕೊಂಡು ಬಂದರು. ಆ ಮನುಷ್ಯನ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ, ದನಿ ತಗ್ಗಿಸಿ, "ಇಲ್ಲ ಮೇಷ್ಟ್ರೇ. ಕೈ ಕಟ್ಕೊಂಡು ನಿಂತಿದ್ರೆ ನಿಮ್ಮಣ್ಣ ಬದುಕಿರ್ತಿದ್ದ," ಎಂದರು.

ನಿಂತ ಕಡೆಯೇ ಹೇಳಿದರು. ಹೇಳಿದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ.

ಗಡಿಯ ಬೆಟ್ಟದಲ್ಲಿ ಎರಡು ಹಗಲು ಎರಡು ರಾತ್ರಿ ಬಿಡದೆ ಮಳೆ, ಬಿಡದೆ ಗುಂಡು. ಗಾಯಾಳುಗಳನ್ನು ಇಳಿಜಾರಿನಲ್ಲಿ ಸಾಲಾಗಿ ಮಲಗಿಸಿದ್ದರು. ಎಲ್ಲರ ಮುಖಕ್ಕೂ ಕೆಸರು ಮೆತ್ತಿ ಒಬ್ಬರಿಂದೊಬ್ಬರನ್ನು ಗುರುತಿಸುವಂತಿರಲಿಲ್ಲ. ಇವರು ನಿದ್ದೆ ಕಂಡು ಮೂರನೇ ದಿನ. ಮಾರ್ಫಿಯಾ ಕೊಟ್ಟವರ ಹಣೆಯ ಮೇಲೆ ಗುರುತು ಬರೆಯಬೇಕೆಂಬುದು ಅವರ ದಳದ ನಿಯಮ. ಯಾಕೆಂದರೆ ಕೊಟ್ಟವರಿಗೇ ಮತ್ತೆ ಕೊಟ್ಟರೆ ಉಸಿರು ನಿಲ್ಲುತ್ತದೆ. ಬರೆಯುವ ಪೆನ್ಸಿಲ್ಲು ಮಳೆಯಲ್ಲಿ ನೆನೆದು ಮುರಿದುಹೋಯಿತು. ಆಗ ಅವರಿಗೆ, ಊರು ಬಿಡುವಾಗ ತಾಯಿ ಕಟ್ಟಿಕೊಟ್ಟ ವಿಭೂತಿ ಗಟ್ಟಿ ಅಂಗಿಯ ಜೇಬಿನಲ್ಲಿರುವುದು ನೆನಪಾಯಿತು. ಶಿವನೇ ದಾರಿ ತೋರಿಸಿದ ಅಂದುಕೊಂಡೆ ಎಂದರು. ಕೊಟ್ಟವರ ಹಣೆಗೆಲ್ಲ ಅದನ್ನೇ ಗಟ್ಟಿಯಾಗಿ ಎಳೆಯುತ್ತಾ ಹೋದರು. ಮುಖಕ್ಕೆ ಮಳೆ ಹೊಡೆಯದಂತೆ ರಬ್ಬರ್ ಶೀಟಿನ ಅಂಚು ಹೊದಿಸುತ್ತಾ ಹೋದರು.

ಸಾಲಿನ ಕೊನೆ ಮುಟ್ಟಿ ತಿರುಗುವಾಗ, ಪಂಜಾಬಿ, ಗೂರ್ಖಾ, ಮದ್ರಾಸಿ ಕೂಗುಗಳ ನಡುವೆ ಒಂದು ದನಿ ಕೇಳಿಸಿತು. ಅವ್ವಾ, ಉರೀತದೆ ಅವ್ವಾ ಎಂದು. ಎಂಟು ತಿಂಗಳಿಂದ ಕನ್ನಡ ಕೇಳಿರದ ಕಿವಿ. ಉಳಿದವರನ್ನೆಲ್ಲ ಬಿಟ್ಟು ಓಡಿದರು. ಶೀಟು ಸರಿಸಿ, ಟಾರ್ಚು ಹಾಕಿ ನೋಡಿದರೆ ಹಣೆ ಖಾಲಿ. ಅಯ್ಯೋ, ನಮ್ಮವನನ್ನೇ ಬಿಟ್ಟು ಹೋಗಿದ್ದೆನಲ್ಲ ಎಂದು ಇದ್ದ ಔಷಧಿ ಪೂರ್ತಿ ಕೊಟ್ಟರು. ಕೊಡುತ್ತಾ ಊರು ಕೇಳಿದರು. ಅಣ್ಣ ನೇರಳೆ ಮರ ಹೇಳಿದ, ಮುಂದಿನ ಕೋಣೆ ಹೇಳಿದ, ಅವ್ವನ ಸುದ್ದಿ ಹೇಳಿದ, ನೋವು ಕಡಿಮೆಯಾಯಿತು ಅಣ್ಣಾ ಎಂದ. ಇವರೇ ಸ್ಟ್ರೆಚರಿನ ಒಂದು ತುದಿ ಹಿಡಿದು ಡೇರೆಗೆ ಹೊತ್ತರು. ಒಲೆಯ ಹತ್ತಿರ ಮಲಗಿಸಿ ಕಂಬಳಿ ಹೊದಿಸಿದರು. ಚಳಿಗೆ ಹೆಪ್ಪುಗಟ್ಟಿದ ಮೈಗೆ ಮೊದಲ ಸುತ್ತಿನಲ್ಲಿ ಇವರೇ ಕೊಟ್ಟಿದ್ದ ಔಷಧಿ ಹತ್ತಿಯೇ ಇರಲಿಲ್ಲ; ಮೈ ಬೆಚ್ಚಗಾಗುತ್ತಲೇ ಎರಡೂ ಒಟ್ಟಿಗೆ ಹತ್ತಿದವು. ಇದು ಅವರಿಗೆ ಆಮೇಲೆ ತಿಳಿದದ್ದು.

"ಪಕ್ಕದಲ್ಲೇ ಕೂತಿದ್ದೆ ಮೇಷ್ಟ್ರೇ. ಒಲೆ ಶಾಖಕ್ಕೆ ಮುಖ ಒಣಗ್ತಾ ಬಂತು. ಹಣೆ ಮೇಲೆ ಬೆಳ್ಳಗೆ ಮೂಡ್ತಾ ಬಂತು. ನನ್ನ ಬೆರಳಿನ ಗೆರೆ. ಮೂಡಿ ಮುಗಿಯೋ ಹೊತ್ತಿಗೆ ಉಸಿರಿರಲಿಲ್ಲ."

ಗಾಯ ಎಲ್ಲಿತ್ತು ಎಂದು ಕೇಳಿದೆ. ತೊಡೆಯಲ್ಲಿ ಎಂದರು. ಅಂಥ ಗಾಯದವರು ಬದುಕುತ್ತಾರೆ, ಕುಂಟುತ್ತಾರೆ ಅಷ್ಟೇ ಎಂದರು. ಮೇಲಿನ ಡಾಕ್ಟರ ಮುಂದೆ ಹೋಗಿ ಹೇಳಿದ್ದಕ್ಕೆ, ಹೋಗು, ಹೊರಗೆ ಇನ್ನೂ ನಲವತ್ತು ಜನ ಇದ್ದಾರೆ ಎಂದು ಕಳಿಸಿದರಂತೆ. ಕಾಗದದಲ್ಲಿ ಗಾಯದಿಂದ ಎಂದು ಬರೆದರಂತೆ.

"ಒದ್ದೆ ವಿಭೂತಿ ಕಾಣಲ್ಲ ಅಂತ ನಮ್ಮ ಮನೆ ಕೂಸಿಗೂ ಗೊತ್ತು. ನನಗೆ ಆವತ್ತು ಹೊಳೀಲಿಲ್ಲ," ಎಂದು ಬೀಗದ ಕೈ ನೋಡುತ್ತಾ ನಿಂತರು. ಆಮೇಲೆ ತಾವೇ ನನ್ನ ಸೈಕಲ್ ತಂದು ಕೈಗೆ ಕೊಟ್ಟರು.

ಆ ಮೂರು ಮೈಲಿಯನ್ನು ನಾನು ಹೇಗೆ ತುಳಿದೆನೋ. ದಾರಿಯಲ್ಲಿ ಯಾರೋ ಮಾತಾಡಿಸಿದರು, ಯಾರೆಂದು ನೋಡಲಿಲ್ಲ. ಇಷ್ಟು ವರ್ಷ ನಮ್ಮ ಮನೆಯ ಅನ್ನ ತಿಂದ, ನಮ್ಮ ಅವ್ವನ ಬಾಯಿಂದ ಮಗನೆನ್ನಿಸಿಕೊಂಡ ಮನುಷ್ಯ. ನನ್ನ ಅಣ್ಣನನ್ನು ಕೊಂದ ಮನುಷ್ಯ. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಲು ನನ್ನಿಂದ ಆಗಲಿಲ್ಲ. ಬರುವಾಗ ಅವರ ಪೆಟ್ಟಿಗೆ ಎತ್ತಿ ರಸ್ತೆಗೆ ಎಸೆಯಬೇಕು ಎಂದುಕೊಳ್ಳುತ್ತಾ ಪೆಡಲು ತುಳಿದೆ.

ಪೇಟೆಯ ಡಾಕ್ಟರು ಆಸ್ಪತ್ರೆಯಲ್ಲೇ ಇದ್ದರು. ಕೊಟ್ಟಿದ್ದೇನೆ, ಹೊರಡುವ ಮುಂಚೆ ತಾನೇ ಕೊಟ್ಟೆ, ಈ ಸಲ ಸ್ವಲ್ಪ ಹೆಚ್ಚಾಗಿಯೇ ಎಂದರು. ಚೀಟಿ ಬರೆದಿಡಲು ಮರೆತೆ ಎಂದು ನೊಂದುಕೊಂಡರು. ಈ ನಿಶ್ಶಕ್ತಿಯಲ್ಲಿ ಹತ್ತಲು ತಡವಾಗುತ್ತದೆ, ಅಷ್ಟರಲ್ಲಿ ಇನ್ನೊಂದು ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಬಾಯಿಗೆ ಹೆದರಿ ಅವರು ಪೆಟ್ಟಿಗೆ ತೆರೆದಿದ್ದರೆ, ಅದೇ ಕೈಯಿಂದ, ಅದೇ ಔಷಧಿಯಿಂದ, ಮಗ ಹೋದ ಹಾಗೆ ತಾಯಿಯೂ ಹೋಗುತ್ತಿದ್ದಳು. ಕೊಡಿಸಿದವನು ನಾನಾಗಿರುತ್ತಿದ್ದೆ.

ನಾನು ಮನೆ ಮುಟ್ಟುವಾಗ ಅವ್ವ ನಿದ್ದೆ ಹೋಗಿದ್ದಳು. ಅವರು ಮಂಚದ ಪಕ್ಕ ನೆಲದ ಮೇಲೆ ಕೂತು ಅವಳ ಉಸಿರು ಎಣಿಸುತ್ತಿದ್ದರು. ಕೊಟ್ಟಿದ್ದರಂತೆ ಎಂದೆ. ಅವರು ತಲೆಯಾಡಿಸಿ ಪೆನ್ಸಿಲು ನಾಲಿಗೆಗೆ ತಾಗಿಸಿ ಅವ್ವನ ಕೈ ಮೇಲೆ ಬರೆದರು. ಬರೆಯುತ್ತಲೇ, ಅವ್ವ ಎದ್ದ ಮೇಲೆ ಅವಳಿಗೂ ಹೇಳಿಬಿಡುತ್ತೇನೆ, ಏಳೆಂಟು ವರ್ಷದಿಂದ ಅದೇ ಪ್ರಶ್ನೆಗೆ ಅದೇ ಉತ್ತರ ಹೇಳಿ ನಾಲಿಗೆ ಸವೆದಿದೆ, ಈ ಊರಿಗೆ ಹೇಳಲೆಂದೇ ಬಂದಿದ್ದೆ ಎಂದರು. ಬೆಲ್ಲ ನೀರು ಕೊಟ್ಟು ಆ ಪ್ರಶ್ನೆ ಕೇಳಿದ ತಾಯಿಯ ಮುಂದೆ ಬಾಯಿ ಬರಲಿಲ್ಲವಂತೆ.

"ಹೇಳಬೇಡಿ," ಎಂದೆ. "ಅವಳಿಗೆ ಉಳಿದಿರೋದು ಅದೊಂದೇ."

ಅವರು ನನ್ನನ್ನೇ ನೋಡಿದರು. ಹೇಳಿ ಹಗುರಾಗುವ ಒಂದೇ ಒಂದು ಜಾಗ ಅವರಿಗಿತ್ತು, ಅದನ್ನು ನಾನು ಮುಚ್ಚಿದೆ. ಅವ್ವನಿಗಾಗಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನಿಜ. ಜೊತೆಗೆ, ಅವರು ಇನ್ನೂ ಹೊತ್ತುಕೊಂಡೇ ಇರಲಿ ಎಂಬ ಸಿಟ್ಟೂ ಇತ್ತು. ಅದೂ ನಿಜ.

ಅದಾಗಿ ನಾಲ್ಕು ದಿನಕ್ಕೆ, ಬೆಳಗ್ಗೆ, ಅವ್ವನಿಗೆ ಸ್ವಲ್ಪ ಗೆಲುವಾಗಿತ್ತು. ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆ. ಅವರು ಸೂಜಿ ಕೊಟ್ಟು, ಕೈ ಮೇಲೆ ಬರೆಯಲು ಬಗ್ಗಿದ್ದರು. ಅವ್ವ ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು, ಪಕ್ಕದ ಲೋಟದ ನೀರಿಗೆ ಬೆರಳು ಅದ್ದಿ, ತಡವರಿಸುತ್ತಾ ಅವರ ಹಣೆಯ ಮೇಲೆ ಎಳೆದಳು. ಈ ಸಲ ಅವರು ಮುಖ ತೆಗೆಯಲಿಲ್ಲ.

"ನನ್ನ ಮಗನ್ನ ಕಳಿಸಿಕೊಟ್ಟ ಕೈ ನಿಂದು ಕಣಪ್ಪಾ," ಎಂದಳು. "ಎದ್ದು ಹೋಗಬೇಡ. ಒಣಗೋ ತನಕ ಇಲ್ಲೇ ಕೂತ್ಕೊ."

ಕೂತರು. ಕಿಟಕಿಯ ಬೆಳಕಿನಲ್ಲಿ, ಮೊಣಕಾಲ ಮೇಲೆ ಕೈಯೂರಿ, ಕಣ್ಣು ಮುಚ್ಚದೆ ಕೂತರು. ಖಾಲಿ ಹಣೆಯ ಮೇಲೆ ಸೊಟ್ಟ ಗೆರೆಗಳು ಒಂದೊಂದಾಗಿ ಬೆಳ್ಳಗಾದವು. ಅವ್ವ ಅದನ್ನು ನೋಡುತ್ತಾ ನಕ್ಕಳು. ನಾನು ನೋಡಲಾರದೆ ಹಿತ್ತಿಲಿಗೆ ಹೋದೆ. ಅದಾದ ವಾರದಲ್ಲಿ ಅವ್ವ ತೀರಿಕೊಂಡಳು. ನೋವಿಲ್ಲದೆ, ನಿದ್ದೆ ಹತ್ತಿದ ಹಾಗೆ. ಅವಳ ಕೈ ಮೇಲಿನ ನೇರಳೆ ಬರಹ ಮೀಯಿಸಿದರೂ ಹೋಗಲಿಲ್ಲ, ಹಾಗೆಯೇ ಮಣ್ಣಿಗೆ ಹೋಯಿತು.

ಅವರನ್ನು ಮನೆ ಬಿಡಿ ಎಂದು ನಾನು ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗೆ ಅಡುಗೆ, ನೀರು, ಸೀಮೆಎಣ್ಣೆ ಇಷ್ಟರ ಮಾತಿನಲ್ಲೇ ಕಳೆದೆವು. ಹಣೆ ಮತ್ತೆ ಖಾಲಿಯಾಯಿತು. ಜಗಲಿಯ ಮೇಲೆ ಜನ ಕಡಿಮೆಯಾಗಲಿಲ್ಲ. ಹಣೆ ಒತ್ತುವುದಕ್ಕೆ, ಕೈ ಮೇಲೆ ಬರೆಯುವುದಕ್ಕೆ ಜನ ನಗುವುದೂ ಕಡಿಮೆಯಾಗಲಿಲ್ಲ. ನಾನೊಬ್ಬನೇ ನಗುತ್ತಿರಲಿಲ್ಲ. ಕ್ಷಮಿಸಿದ್ದೆನಾ ಎಂದು ಕೇಳಿದರೆ ಗೊತ್ತಿಲ್ಲ. ಸಂಜೆ ಸ್ಕೂಲಿನಿಂದ ಬರುವಾಗ ಮುಂದಿನ ಕೋಣೆಯಲ್ಲಿ ಸ್ಟೌವಿನ ಸದ್ದು ಕೇಳದಿದ್ದರೆ ಕಾಲು ತಾನಾಗಿ ಬೇಗ ಬೇಗ ಬೀಳುತ್ತಿತ್ತು, ಅಷ್ಟು ಗೊತ್ತು.

ಕೊಡಗು ಮೈಸೂರಿಗೆ ಸೇರುತ್ತದೆ, ನಮ್ಮ ಪುಟ್ಟ ರಾಜ್ಯ ಇನ್ನಿಲ್ಲ ಎಂದು ಪೇಟೆಯಲ್ಲೆಲ್ಲ ಜನ ಗುಂಪು ಕಟ್ಟಿ ಮಾತಾಡುತ್ತಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಸ್ಟೌವಿನ ಸದ್ದು ಕೇಳಲಿಲ್ಲ. ಬಾಗಿಲು ತಳ್ಳಿದೆ. ಮಲಗಿದಲ್ಲೇ ಹೋಗಿದ್ದರು. ಕೊಡ್ಲಿಪೇಟೆ ಕಡೆ ಅವರವರೆಂದು ಯಾರೂ ಉಳಿದಿರಲಿಲ್ಲ. ಮಗ ಮಾಡಬೇಕಾದದ್ದನ್ನು ನಾನೇ ಮಾಡುತ್ತೇನೆಂದೆ. ಊರಿನವರು ಬಂದರು, ಲೈನಿನವರು ಬಂದರು. ಹಿಂದೆ ಔಷಧಿ ಬೇಡವೆಂದು ಎದ್ದು ಹೋದ ಹಿರಿಯರೂ ಬಂದು ನೀರು ಸೇದಿ ಕೊಟ್ಟರು. ನಮ್ಮ ಕ್ರಮದಂತೆ ಮೀಯಿಸಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದೆವು.

ಅವ್ವನ ಗಟ್ಟಿಯಿಂದಲೇ ಮೂರು ಬೆರಳಲ್ಲಿ ಅವರ ಹಣೆಗೆ ವಿಭೂತಿ ಎಳೆದೆ. ಹಣೆ ಒದ್ದೆಯಿತ್ತು. ನೋಡಿದರೆ ಏನೂ ಇಲ್ಲ, ಅದೇ ಖಾಲಿ ಹಣೆ. ಬಿದ್ದಿಲ್ಲ ಎಂದುಕೊಂಡು ಮತ್ತೆ ಗಟ್ಟಿಗೆ ಕೈ ಹಾಕಿದೆ.

ನಿದ್ದೆಗೆಟ್ಟಿರಲಿಲ್ಲ ನಾನು. ಮಳೆಯಿರಲಿಲ್ಲ, ಗುಂಡಿನ ಸದ್ದಿರಲಿಲ್ಲ, ಹಗಲು ಬೆಳಕಿತ್ತು. ಅವರ ಕಥೆ ಈ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ನನ್ನ ಕೈ ಎರಡನೇ ಸಲ ಹೋಗಿತ್ತು. ಅದು ಹೊಳೆದ ಕ್ಷಣ ಗಟ್ಟಿ ಕೈಯಿಂದ ಜಾರಿ ಕೆಳಗೆ ಬಿತ್ತು. ಬದುಕಿದ್ದಾಗ ಅವರಿಗೆ ಹೇಳಬೇಕಾಗಿದ್ದ ಮಾತು ಏನೆಂದು ಆಗ ಗೊತ್ತಾಯಿತು, ಹೇಳಲು ಅವರಿರಲಿಲ್ಲ.

ಎದುರಿಗೆ ಕೂತು ಕಾದೆ. ಹೊತ್ತಾಯಿತು, ಎತ್ತೋಣವಾ ಮೇಷ್ಟ್ರೇ ಎಂದು ಹಿಂದಿನಿಂದ ಯಾರೋ ಕೇಳಿದರು. ಇನ್ನೂ ಒಣಗಿಲ್ಲ, ತಡೀರಿ ಎಂದೆ.